ಗೇಟಿನಲ್ಲಿ ಭದ್ರತೆ, ಗೋಡೆಯೊಳಗೆ ಸಾವು

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳ ವಾರ್ಷಿಕ ಮಹಾಸಭೆಗಳಲ್ಲಿ ಹೆಚ್ಚು ಮಾತಿಲ್ಲದೆ ಅಂಗೀಕಾರವಾಗುವ ಬಾಬತ್ತೊಂದಿದೆ. ಇನ್ನೂ ಹತ್ತು ಸಿಸಿಟಿವಿ ಕ್ಯಾಮೆರಾ, ಕಾಂಪೌಂಡಿನ ಮೇಲೆ ವಿದ್ಯುತ್ ಬೇಲಿ, ಮನೆಗೆಲಸದವರ ಮುಖ ಗುರುತಿಸುವ ಯಂತ್ರ, ಗೇಟಿನಲ್ಲಿ ಹೊಸ ಆ್ಯಪ್. 'ಸೆಕ್ಯುರಿಟಿ' ಎಂಬ ತಲೆಬರಹದಡಿ ಬರುವ ಯಾವ ಖರ್ಚಿಗೂ ಅಡ್ಡಿಯಿಲ್ಲ. ಅದೇ ಸಭೆಯಲ್ಲಿ ನೆಲಮಾಳಿಗೆಯ ಸೋರಿಕೆ, ಅಗ್ನಿಶಾಮಕ ಪಂಪಿನ ದುರಸ್ತಿ, ಕೊಳಚೆ ನೀರು ಸಂಸ್ಕರಣಾ ಘಟಕಕ್ಕೆ ಗಾಳಿಯಾಡುವ ವ್ಯವಸ್ಥೆ ಎಂಬ ವಿಷಯಗಳು ಬಂದರೆ ಮಾತ್ರ ಮೇಂಟೆನೆನ್ಸ್ ಏರುತ್ತದೆಂಬ ಆಕ್ಷೇಪ ಏಳುತ್ತದೆ. ಮೂರು ಕೊಟೇಶನ್ ತರಿಸಿ ಎಂದು ಹೇಳಿ ವಿಷಯವನ್ನು ಮುಂದಿನ ವರ್ಷಕ್ಕೆ ತಳ್ಳಲಾಗುತ್ತದೆ.

ಈ ಸಭೆಗಳಲ್ಲಿ ಈಗ ಅನಿವಾಸಿಗಳಾದ ನಾವೂ ಇದ್ದೇವೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳ ಎತ್ತರದ ಕಟ್ಟಡಗಳಲ್ಲಿ ಫ್ಲ್ಯಾಟ್ ಕೊಂಡು, ಅಲ್ಲಿ ತಂದೆತಾಯಿಯನ್ನೋ ಬಾಡಿಗೆದಾರರನ್ನೋ ಇರಿಸಿ, ಸಮುದ್ರದ ಈಚೆಯಿಂದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ ಹಾಕುತ್ತಿರುವವರು ನಾವು. ಆದ್ದರಿಂದ ಈ ಪ್ರಶ್ನೆ ಊರಿನವರದು, ನಮ್ಮದಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಕನ್ನಡದಲ್ಲಿ ಭದ್ರತೆ, ಸುರಕ್ಷತೆ ಎಂಬ ಎರಡು ಪದಗಳಿವೆ. ರೂಢಿಯಲ್ಲಿ ಅವು ಒಂದರ ಜಾಗದಲ್ಲಿ ಮತ್ತೊಂದು ಬಂದು ಕೂರುತ್ತವೆ. ಈ ಲೇಖನದ ಮಟ್ಟಿಗೆ ಅವನ್ನು ಬೇರ್ಪಡಿಸಿ ನೋಡೋಣ. ಹೊರಗಿನವರಿಂದ ತಮ್ಮನ್ನು ಕಾಪಾಡಿಕೊಳ್ಳುವ ಏರ್ಪಾಡು ಭದ್ರತೆ. ಒಂದು ಆವರಣದೊಳಗೆ ಬಾಳುವ, ದುಡಿಯುವ ಎಲ್ಲರ ಜೀವಕ್ಕೂ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆ ಸುರಕ್ಷತೆ. ನಮ್ಮ ವಸತಿ ಸಮುಚ್ಚಯಗಳು ಭದ್ರತೆಯನ್ನು ಕೊಂಡು ಸುರಕ್ಷತೆಯನ್ನು ಮಾರಿಕೊಂಡಿವೆ ಎಂಬುದು ನನ್ನ ವಾದ. ಈ ವ್ಯಾಪಾರದ ನಷ್ಟವನ್ನು ಮೊದಲು ತೆರುತ್ತಿರುವವರು ಆ ಆವರಣಕ್ಕೆ ದುಡಿಯಲು ಬರುವ ಬಡವರು. ಅವರ ಬೆನ್ನಿಗೇ ಇರುವವರು ಅಲ್ಲಿನ ನಿವಾಸಿಗಳು.

ಮೂರು ಸಾವಿನ ಪ್ರಕರಣಗಳನ್ನು ಗಮನಿಸಿ. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆ ಸಮೀಪದ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ ಮೂವರು ಕಾರ್ಮಿಕರು ಸತ್ತರು. 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಹೊತ್ತಿಕೊಂಡಾಗ ತಾಯಿ ಮತ್ತು ಮಗಳು ಸುಟ್ಟುಹೋದರು. ಬಾಲ್ಕನಿಗೆ ಅಡ್ಡಲಾಗಿ ಕೂರಿಸಿದ್ದ ಕಬ್ಬಿಣದ ಗ್ರಿಲ್‌ನ ಹಿಂದೆ ಒಬ್ಬ ಹೆಂಗಸು ಸಿಲುಕಿ ಮೊರೆಯಿಡುತ್ತಿದ್ದುದನ್ನು ಕೆಳಗೆ ನಿಂತವರು ನೋಡಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ವರ್ತೂರು ಭಾಗದ ಪ್ರತಿಷ್ಠಿತ ಸಮುಚ್ಚಯವೊಂದರ ಈಜುಕೊಳದಲ್ಲಿ ಪುಟ್ಟ ಬಾಲಕಿಯೊಬ್ಬಳು ಸತ್ತಳು. ಸಾವಿಗೆ ವಿದ್ಯುತ್ ಆಘಾತ ಕಾರಣವೆಂದು ತನಿಖೆಯಲ್ಲಿ ಕಂಡುಬಂದ ಬಳಿಕ ನಿವಾಸಿಗಳ ಸಂಘದ ಅಧ್ಯಕ್ಷರೂ ಸೇರಿ ಏಳು ಮಂದಿಯನ್ನು ಪೊಲೀಸರು ಬಂಧಿಸಿದರು.

ಈ ಸಾವುಗಳಲ್ಲಿ ಯಾವುದೂ ಗೇಟು ದಾಟಿ ಬಂದುದಲ್ಲ. ಗುಂಡಿಯೊಳಗಿನ ವಿಷಗಾಳಿ ಗೋಡೆ ಹಾರಿ ಬಂದಿರಲಿಲ್ಲ. ನೀರಿಗೆ ಹರಿದ ವಿದ್ಯುತ್ತು ಗೇಟಿನಲ್ಲಿ ಹೆಸರು ಬರೆಸಬೇಕಿರಲಿಲ್ಲ. ದೇವರಚಿಕ್ಕನಹಳ್ಳಿಯ ಗ್ರಿಲ್‌ನ ಕತೆಯಂತೂ ಇನ್ನೂ ಕಠೋರ. ಕಳ್ಳ ಒಳಬಾರದಿರಲೆಂದು ನಮ್ಮ ಮನೆಗಳಲ್ಲಿ ಬಿಗಿಯುವ ಕಬ್ಬಿಣ ಅಲ್ಲಿ ಮನೆಯವರು ಹೊರಹೋಗದಂತೆ ತಡೆಯಿತು. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಗೆ ಇದಕ್ಕಿಂತ ಘೋರವಾದ ನಿದರ್ಶನ ಸಿಗಲಾರದು. ಆದರೂ ಇಂದಿಗೂ ಮೇಲಿನ ಮಹಡಿಗಳ ಬಾಲ್ಕನಿಗಳನ್ನು ತೆರೆಯಲಾಗದ ಗ್ರಿಲ್‌ನಿಂದ ಮುಚ್ಚುತ್ತಲೇ ಇದ್ದೇವೆ. ಒಳಗಿನಿಂದ ತೆರೆಯಬಲ್ಲ ಒಂದು ಸಣ್ಣ ಬಾಗಿಲು ಅದರಲ್ಲಿರಬೇಕೆಂಬ ನಿಯಮವನ್ನು ಮಾಡಿಕೊಳ್ಳಲು ಎಷ್ಟು ಸಂಘಗಳು ಮುಂದಾಗಿವೆ?

ಸೋಮಸುಂದರಪಾಳ್ಯದಂಥ ಸಾವುಗಳಿಗೆ ಒಂದು ಸಿದ್ಧ ವಿನ್ಯಾಸವಿದೆ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿಕೊಂಡಿರುತ್ತದೆ. ಇಳಿದವನು ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ, ಎತ್ತಲು ಇಳಿದವನೂ ಅಲ್ಲೇ ಉರುಳುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಂಥ ಗುಂಡಿಗಳಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಘೋಷಿಸಿದೆ. ಸುಪ್ರೀಂ ಕೋರ್ಟು 2014ರಲ್ಲಿ ಪ್ರತಿ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿಪಡಿಸಿ, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಗುಂಡಿಗೆ ಇಳಿಯುವವರ ಜಾತಿ ಯಾವುದೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಗೇಟಿನಲ್ಲಿ ಅವರ ಆಧಾರ್ ಸಂಖ್ಯೆ, ಫೋಟೋ, ಒಳಬಂದ ಸಮಯ ಎಲ್ಲವೂ ದಾಖಲಾಗಿರುತ್ತದೆ. ಗುಂಡಿಯ ಬಳಿ ಅನಿಲ ಅಳೆಯುವ ಒಂದು ಮಾಪಕವಿರುವುದಿಲ್ಲ. ಅವರಿಂದ ನಮಗಾಗಬಹುದಾದ ಅಪಾಯವನ್ನು ನಿಮಿಷ ನಿಮಿಷಕ್ಕೆ ಲೆಕ್ಕವಿಡುವ ವ್ಯವಸ್ಥೆ ನಮ್ಮಿಂದ ಅವರಿಗಾಗುವ ಅಪಾಯಕ್ಕೆ ಒಂದು ಕಾಲಂ ಕೂಡ ಇಟ್ಟಿಲ್ಲ.

ಇದು ಭಾರತದ ಅವ್ಯವಸ್ಥೆಯ ಮಾತಾಯಿತು, ಮುಂದುವರಿದ ದೇಶಗಳಲ್ಲಿ ಹೀಗಾಗದು ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ಅವರು ಅಮೆರಿಕದ ಫ್ಲೋರಿಡಾ ರಾಜ್ಯದ ಸರ್ಫ್‌ಸೈಡ್ ಕಡೆ ನೋಡಬೇಕು. 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಅಲ್ಲಿನ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಗಳ ಕಾಂಡೊಮಿನಿಯಂ ಕುಸಿದು 98 ಮಂದಿ ಸತ್ತರು. ಲಾಬಿಯಲ್ಲಿ ಕಾವಲು ಸಿಬ್ಬಂದಿ ಎಚ್ಚರವಾಗಿಯೇ ಇದ್ದರು, ತುರ್ತು ಸೇವೆಗೆ ಕರೆಯನ್ನೂ ಮಾಡಿದರು. ಆದರೆ ಕಟ್ಟಡವನ್ನು ಕೆಡವಿದ ಶತ್ರು ಲಾಬಿಯ ಮೂಲಕ ಬರುವಂಥದಾಗಿರಲಿಲ್ಲ.

ಈಜುಕೊಳದ ಕಟ್ಟೆಯ ಕೆಳಗೆ ನೀರು ನಿರೋಧಕ ಪದರ ವಿಫಲವಾಗಿ ಕಾಂಕ್ರೀಟಿಗೆ ಗಂಭೀರ ಹಾನಿಯಾಗಿದೆಯೆಂದು ಎಂಜಿನಿಯರಿಂಗ್ ವರದಿ 2018ರಲ್ಲಿಯೇ ಹೇಳಿತ್ತು. ಕಟ್ಟಡದ ಮೂಲ ವಿನ್ಯಾಸದಲ್ಲಿಯೂ ದೋಷಗಳಿದ್ದವು. ದುರಸ್ತಿಗೆ ಆಗ ಸುಮಾರು 90 ಲಕ್ಷ ಡಾಲರ್ ಬೇಕಾಗಬಹುದೆಂಬ ಅಂದಾಜಿತ್ತು. ಮಾಲೀಕರು ಖರ್ಚಿನ ಬಗ್ಗೆ ಜಗಳವಾಡಿದರು. ಆಡಳಿತ ಮಂಡಳಿಯ ಹೆಚ್ಚಿನ ಸದಸ್ಯರು 2019ರಲ್ಲಿ ರಾಜೀನಾಮೆಯಿತ್ತರು. 2021ರ ಏಪ್ರಿಲ್‌ನಲ್ಲಿ ಅಂತೂ ಒಪ್ಪಿಗೆ ದೊರೆಯುವಾಗ ಮೊತ್ತ 1.5 ಕೋಟಿ ಡಾಲರ್‌ಗೆ ಏರಿತ್ತು. ಒಂದೊಂದು ಮನೆಯ ಪಾಲು ಸುಮಾರು 80 ಸಾವಿರ ಡಾಲರ್‌ನಿಂದ 3.36 ಲಕ್ಷ ಡಾಲರ್‌ವರೆಗೆ. ಆ ಕಂತುಗಳು ಶುರುವಾಗುವ ಮೊದಲೇ ಕಟ್ಟಡ ನೆಲಕ್ಕುರುಳಿತು.

ಫ್ಲೋರಿಡಾ 2022ರಲ್ಲಿ ಕಾನೂನು ಬದಲಿಸಿ, ಮೂರು ಮತ್ತು ಅದಕ್ಕಿಂತ ಹೆಚ್ಚು ಮಹಡಿಗಳ ಕಾಂಡೊಮಿನಿಯಂಗಳಿಗೆ ನಿಗದಿತ ವಯಸ್ಸಿನಲ್ಲಿ ರಚನಾ ತಪಾಸಣೆಯನ್ನೂ, ದುರಸ್ತಿಗಾಗಿ ಕಾಯ್ದಿಟ್ಟ ನಿಧಿಯನ್ನೂ ಕಡ್ಡಾಯ ಮಾಡಿತು. ಮಾಲೀಕರ ಬಹುಮತಕ್ಕೆ ಬಿಟ್ಟರೆ ಸುರಕ್ಷತೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ ಎಂಬ ಪಾಠವನ್ನು ಆ ರಾಜ್ಯ 98 ಜೀವಗಳನ್ನು ತೆತ್ತು ಕಲಿಯಿತು. ಬೆಂಗಳೂರಿನ ಗೋಪುರಗಳಿಗೆ ಈಗಿನ್ನೂ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಪ್ರಾಯ. ಅವು ಮುಪ್ಪಾಗುವ ಹೊತ್ತಿಗೆ ಕಾರ್ಪಸ್ ಫಂಡ್‌ನಲ್ಲಿ ಏನಿರುತ್ತದೆಂದು ಕೇಳುವ ಮನಸ್ಸು ಯಾರಿಗೂ ಇದ್ದಂತಿಲ್ಲ.

ಹಾಗಾದರೆ ಇಷ್ಟೊಂದು ಹಣ ಸುರಿದು ಕಟ್ಟಿದ ಗೇಟು ಮಾಡುವ ಕೆಲಸವೇನು? ಅದು ಜನರನ್ನು ಜರಡಿ ಹಿಡಿಯುತ್ತದೆ. ಕಾರಿನ ಗಾಜಿಗೆ ಸ್ಟಿಕರ್ ಅಂಟಿಸಿದವನಿಗೆ ತಡೆಗಂಬ ತಾನಾಗಿ ಮೇಲೇಳುತ್ತದೆ. ಹತ್ತು ವರ್ಷಗಳಿಂದ ಅದೇ ಮನೆಯ ಪಾತ್ರೆ ತೊಳೆಯುತ್ತಿರುವ ಹೆಂಗಸು ದಿನವೂ ಗುರುತು ತೋರಿಸಬೇಕು, ಹೊರಡುವಾಗ ಕೈಚೀಲ ಬಿಚ್ಚಿ ತೋರಿಸಬೇಕು. ಆಕೆ ಎಷ್ಟು ಗಂಟೆಗೆ ಬಂದಳು, ಯಾವ ಯಾವ ಮನೆಗೆ ಹೋದಳು ಎಂಬುದು ಆ್ಯಪಿನಲ್ಲಿ ದಾಖಲಾಗುತ್ತದೆ. ಆಕೆಗೆ ಅಂಕ ಕೊಡುವ ಅವಕಾಶ ಮಾಲೀಕರಿಗಿದೆ. ಸಂಬಳ ಹಿಡಿದಿಟ್ಟ, ಬೈದ, ಕೈಹಿಡಿದೆಳೆದ ಮಾಲೀಕನಿಗೆ ಅಂಕ ಕೊಡುವ ಅವಕಾಶ ಆಕೆಗಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲಿಯೇ ಅಧಿಸೂಚಿಸಿತ್ತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಅವರನ್ನೂ ಒಳಗೊಂಡಿದೆ. ಗೇಟಿನ ಗೋಡೆಯ ಮೇಲೆ ಅಂಟಿಸಿದ ಸೂಚನೆಗಳಲ್ಲಿ ಇವೆರಡರ ಸುದ್ದಿ ಕಾಣುವುದಿಲ್ಲ. ಕಾಣುವುದು ಕೆಲಸದವರು ಬೇರೆ ಲಿಫ್ಟ್ ಬಳಸಬೇಕು, ಉದ್ಯಾನದ ಬೆಂಚುಗಳಲ್ಲಿ ಕೂರಬಾರದು ಎಂಬ ಮಾತು.

ಈ ವಾಸ್ತುಶಿಲ್ಪ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ಊರಿನ ಕೊಳೆ ತೆಗೆಯಲು ಕೇರಿಯ ಕೈಗಳು ಬೇಕು, ಊರಿನೊಳಗೆ ಅವರ ನೆರಳು ಬೇಡ. ಜಮೀನುದಾರನ ಮನೆಯ ಹಿತ್ತಲ ಬಾಗಿಲು ಇಂದು 'ಸರ್ವಿಸ್ ಲಿಫ್ಟ್' ಎಂಬ ಹೆಸರಿನಲ್ಲಿ 20ನೇ ಮಹಡಿಗೆ ಏರುತ್ತಿದೆ. ಮಡಿ ಎಂದು ಬಾಯಿಬಿಟ್ಟು ಹೇಳಲಾಗದ ಕಾಲದಲ್ಲಿ ಸೆಕ್ಯುರಿಟಿ ಎನ್ನುವುದು ಸುಲಭ. ಮುಸ್ಲಿಮರಿಗೆ ಮನೆ ಬಾಡಿಗೆಗಿಲ್ಲ, ಈಶಾನ್ಯದ ಯುವಕರಿಗೆ ಇಲ್ಲ, ಒಂಟಿ ಹೆಣ್ಣುಮಕ್ಕಳಿಗೆ ಇಲ್ಲ ಎಂಬ ನಿರಾಕರಣೆಗಳೂ ಇದೇ ಪದದ ಮರೆಯಲ್ಲಿ ನಿಂತಿವೆ.

ಅನುಮಾನವನ್ನೇ ರಕ್ಷಣೆಯೆಂದು ಬಗೆದರೆ ಅದು ಎಲ್ಲಿಗೆ ತಲುಪುತ್ತದೆಂಬುದನ್ನು ಅಮೆರಿಕದಲ್ಲಿರುವವರು ಮರೆಯಬಾರದು. 2012ರ ಫೆಬ್ರವರಿ 26ರಂದು ಫ್ಲೋರಿಡಾದ ಸ್ಯಾನ್‌ಫೋರ್ಡ್‌ನ ಗೇಟುಳ್ಳ ವಸತಿ ಸಮುಚ್ಚಯದಲ್ಲಿ 17 ವರ್ಷದ ಕಪ್ಪು ಹುಡುಗ ಟ್ರೇವನ್ ಮಾರ್ಟಿನ್ ಗುಂಡಿಗೆ ಬಲಿಯಾದ. ಆ ಆವರಣದಲ್ಲಿ ಅವನು ಅತಿಥಿಯಾಗಿದ್ದ, ಅಲ್ಲಿರುವ ಹಕ್ಕು ಅವನಿಗಿತ್ತು. ಗುಂಡು ಹಾರಿಸಿದ ಜಾರ್ಜ್ ಝಿಮ್ಮರ್‌ಮನ್ ಅಲ್ಲಿನ ನೆರೆಹೊರೆಯ ಕಾವಲಿನ ಸ್ವಯಂಸೇವಕ. 2013ರ ಜುಲೈನಲ್ಲಿ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿತು. ಕಾವಲಿನ ಹೆಸರಿನಲ್ಲಿ ಶುರುವಾದ ಅನುಮಾನ ನಿರಾಯುಧ ಹುಡುಗನೊಬ್ಬನ ಹತ್ಯೆಯಲ್ಲಿ ಕೊನೆಗೊಂಡಿತು. ಆ ಸಾವಿಗೆ ಮರುಗಿದ ನಾವು, ಕಪ್ಪು ಜೀವಗಳ ಪರವಾಗಿ ಮೆರವಣಿಗೆಗಳಲ್ಲಿ ನಡೆದ ನಾವು, ನಮ್ಮ ಬೆಂಗಳೂರಿನ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಅಪರಿಚಿತ ಹುಡುಗನೊಬ್ಬ ಪಾರ್ಕಿಂಗ್‌ನಲ್ಲಿ ಅಲೆಯುತ್ತಿದ್ದಾನೆ' ಎಂಬ ಸಂದೇಶದ ಜೊತೆಗೆ ಒಬ್ಬ ಡೆಲಿವರಿ ಹುಡುಗನ ಫೋಟೋ ಬಂದಾಗ ಏನು ಬರೆಯುತ್ತೇವೆ?

ಬೆಂಗಳೂರಿಗೂ ಇಂಥ ಅನುಮಾನದ ಚರಿತ್ರೆಯಿದೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಡವರ ಶೆಡ್ಡುಗಳನ್ನು ಬುಲ್ಡೋಜರ್ ನೆಲಸಮ ಮಾಡಿತು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬುದು ಕೊಟ್ಟ ಕಾರಣ. ಬಯಲಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು, ಈಶಾನ್ಯ ರಾಜ್ಯಗಳಿಂದ ದುಡಿಯಲು ಬಂದ ಭಾರತೀಯ ನಾಗರಿಕರೂ ಇದ್ದರು. ಗುರುತಿನ ಚೀಟಿಗಳನ್ನು ಕೈಯಲ್ಲಿ ಹಿಡಿದು ತೋರಿಸಿದರು. ಹೈಕೋರ್ಟು ಮುಂದಿನ ತೆರವಿಗೆ ತಡೆ ನೀಡುವಷ್ಟರಲ್ಲಿ ಮನೆಗಳು ಹೋಗಿದ್ದವು. ಸುತ್ತಲಿನ ಗೋಪುರಗಳ ನೆಲ ಒರೆಸುವ, ಗೇಟು ಕಾಯುವ, ಕಸ ಎತ್ತುವ ಕೆಲಸ ನಡೆಯುವುದು ಇಂಥ ಶೆಡ್ಡುಗಳಲ್ಲಿ ಬದುಕುವವರಿಂದಲೇ. ದುಡಿಮೆ ಬೇಕು, ದುಡಿಯುವವರ ಮನೆ ಕಣ್ಣಿಗೆ ಬೀಳಬಾರದೆಂಬ ಬಯಕೆಗೂ ಭದ್ರತೆಯೆಂಬ ಹೆಸರೇ ಒದಗಿಬರುತ್ತದೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಕಳವುಗಳು ಆಗುವುದು ಸುಳ್ಳಲ್ಲ. ಊರಿನಲ್ಲಿ ಒಂಟಿಯಾಗಿರುವ ವಯಸ್ಸಾದ ಅಪ್ಪ ಅಮ್ಮನ ಚಿಂತೆ ನಮ್ಮಲ್ಲಿ ಎಷ್ಟೋ ಜನರ ನಿದ್ದೆಗೆಡಿಸುತ್ತದೆ. ಆ ಚಿಂತೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ, ಅದು ನನ್ನದೂ ಹೌದು. ಆದರೆ ಆ ಮುಪ್ಪಿನ ಜೀವಗಳನ್ನು ನಿಜವಾಗಿ ಕಾಯುತ್ತಿರುವವರು ಯಾರೆಂದು ಯೋಚಿಸಿ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಉಳಿದಿದೆಯೆಂದು ಮೊದಲು ಗಮನಿಸುವುದು ಕ್ಯಾಮೆರಾ ಅಲ್ಲ, ಕೆಲಸಕ್ಕೆ ಬರುವ ಹೆಂಗಸು. ಬಚ್ಚಲಲ್ಲಿ ಜಾರಿ ಬಿದ್ದ ಅಮ್ಮನನ್ನು ಎತ್ತಿ ಆಟೋ ಹತ್ತಿಸುವವನು ಕೆಳಗಿನ ವಾಚ್‌ಮನ್. ಅವರನ್ನು ಹೆಸರಿಡಿದು ಬಲ್ಲ, ಅವರಿಂದ ಹೆಸರಿಡಿದು ಕರೆಸಿಕೊಳ್ಳುವ ಸಂಬಂಧವೇ ಮುದುಕರ ಪಾಲಿನ ಸುರಕ್ಷತೆ. ಅಂಥ ಸಂಬಂಧ ಬೆಳೆಯಬೇಕಾದರೆ ಕೆಲಸಗಾರರು ಬಹುಕಾಲ ಒಂದೆಡೆ ಉಳಿಯಬೇಕು. ಉಳಿಯಬೇಕಾದರೆ ತಕ್ಕ ಸಂಬಳವೂ ಮರ್ಯಾದೆಯೂ ಇರಬೇಕು.

ಕಾವಲುಗಾರರ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದೆ. ಕಡಿಮೆ ದರ ಹೇಳಿದ ಏಜೆನ್ಸಿಗೆ ಗುತ್ತಿಗೆ, ದಿನಕ್ಕೆ 12 ಗಂಟೆ ದುಡಿಮೆ, ಕೂರಲು ಕುರ್ಚಿಯಿಲ್ಲ, ಬಳಸಲು ಶೌಚಾಲಯ ದೂರ, ಒಪ್ಪಂದ ಮುಗಿದರೆ ಮುಖಗಳೇ ಬದಲು. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು ಪ್ರತಿ ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿಯನ್ನು ಹೇಳುತ್ತವೆ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ ಅದರ ಭಾಗ. ನಿಮ್ಮ ಗೇಟಿನಲ್ಲಿ ನಿಂತವನಿಗೆ ಆ 160 ಗಂಟೆಗಳು ದಕ್ಕಿವೆಯೇ ಎಂದು ಸಂಘವನ್ನು ಕೇಳಿ ನೋಡಿ. ಅವನನ್ನು ನಾವು ಹೆಸರಿನಿಂದಲೂ ಕರೆಯುವುದಿಲ್ಲ, 'ಸೆಕ್ಯುರಿಟಿ' ಎನ್ನುತ್ತೇವೆ. ಪಿಎಫ್ ಕಡಿತವಾದರೂ ಖಾತೆಗೆ ಜಮೆಯಾಗಿದೆಯೋ ಇಲ್ಲವೋ ತಿಳಿಯದ, ನಾಳೆಯ ಕೆಲಸದ ಖಾತ್ರಿಯಿಲ್ಲದ ಮನುಷ್ಯನಿಗೆ ಭದ್ರತೆಯೆಂದೇ ಹೆಸರಿಟ್ಟಿದ್ದೇವೆ. ಭದ್ರತೆಯೆಂಬುದು ನಮ್ಮ ನಡುವೆ ಏನಾಗಿದೆಯೆಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ.

ಮುಚ್ಚಿದ ಬಾಗಿಲುಗಳ ಹಿಂದಿನ ಹಿಂಸೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷ ವರ್ಷವೂ ಹೇಳುತ್ತವೆ. ಸ್ಟಿಕರ್ ಅಂಟಿಸಿದ ಕಾರಿನಲ್ಲಿ ಬರುವ ಗಂಡ, ಮಾವ, ನೆರೆಯವನನ್ನು ಗೇಟು ಸಲಾಮು ಹೊಡೆದು ಒಳಬಿಡುತ್ತದೆ. ಏಟು ತಿನ್ನುತ್ತಿರುವ ಹೆಂಗಸು ಯಾರಿಗೆ ಫೋನ್ ಮಾಡಬೇಕೆಂಬ ಸಂಖ್ಯೆಯನ್ನು ಲಿಫ್ಟಿನೊಳಗೆ ಅಂಟಿಸಲು ಮಾತ್ರ ನಮ್ಮ ಸಂಘಗಳಿಗೆ 'ಅದು ಅವರ ಮನೆಯ ವಿಷಯ'ವೆಂಬ ಸಂಕೋಚ ಅಡ್ಡಬರುತ್ತದೆ.

ಇನ್ನು ಅಧಿಕಾರದ ಪ್ರಶ್ನೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಕಲ್ಪಿಸಿರುವುದು ಮಾಲೀಕರ ಸಂಘವನ್ನು. ಆ ಚಾವಣಿಯ ಕೆಳಗೆ ಮಲಗುವ ಬಾಡಿಗೆದಾರನಿಗೆ ಮತವಿಲ್ಲ. ಆ ಗುಂಡಿ ತೊಳೆಯುವವನಿಗೆ ಮಾತೇ ಇಲ್ಲ. ಅದರ ಬಾಡಿಗೆಯನ್ನು ಡಾಲರ್‌ನಲ್ಲಿ ಲೆಕ್ಕ ಹಾಕುವ ನನಗೂ ನಿಮಗೂ ಮತವಿದೆ. ಅಪಾಯ ಒಬ್ಬರದು, ತೀರ್ಮಾನ ಮತ್ತೊಬ್ಬರದು. ಪ್ರಜಾಪ್ರಭುತ್ವದ ಬಗ್ಗೆ ಪ್ರಬಂಧ ಬರೆಯುವ ನಾವು ನಮ್ಮ ಆಸ್ತಿಯ ಆವರಣದಲ್ಲಿ ಆಸ್ತಿಯಿದ್ದವರಿಗಷ್ಟೇ ಮತವಿದ್ದ ಹಳೆಯ ಕಾಲವನ್ನು ನಡೆಸುತ್ತಿದ್ದೇವೆ.

ಆದ್ದರಿಂದ ಮುಂದಿನ ಮಹಾಸಭೆಯ ಸೂಚನೆ ಇಮೇಲಿನಲ್ಲಿ ಬಂದಾಗ ಮಾಡಬಹುದಾದ ಕೆಲಸಗಳಿವೆ. ಹೊಸ ಕ್ಯಾಮೆರಾಗಳಿಗೆ ಹಣ ಕೊಡುವ ಮೊದಲು ನಾಲ್ಕು ಕಾಗದಗಳನ್ನು ಕೇಳಿ: ಕಟ್ಟಡದ ರಚನಾ ತಪಾಸಣೆಯ ವರದಿ, ಅಗ್ನಿಶಾಮಕ ವ್ಯವಸ್ಥೆಯನ್ನು ಕೊನೆಯದಾಗಿ ಪರೀಕ್ಷಿಸಿದ ದಾಖಲೆ, ಈಜುಕೊಳ ಮತ್ತು ಪಂಪುಗಳ ವಿದ್ಯುತ್ ತಪಾಸಣೆಯ ಪ್ರಮಾಣಪತ್ರ, ರಾಜ್ಯದ 2012ರ ಲಿಫ್ಟ್ ಕಾಯ್ದೆಯ ಪ್ರಕಾರ ಪ್ರತಿ ಲಿಫ್ಟಿನ ಪರವಾನಗಿ. ಸಂಸ್ಕರಣಾ ಘಟಕಕ್ಕೆ ಯಾವ ಕಾರಣಕ್ಕೂ ಮನುಷ್ಯರನ್ನು ಇಳಿಸುವುದಿಲ್ಲವೆಂದು ಲಿಖಿತ ನಿರ್ಣಯ ಮಾಡಿಸಿ, ಗುತ್ತಿಗೆ ಪತ್ರದಲ್ಲಿ ಅದನ್ನು ಸೇರಿಸಿ. ಗ್ರಿಲ್‌ಗಳಿಗೆ ಒಳಗಿನಿಂದ ತೆರೆಯುವ ಬಾಗಿಲನ್ನು ಕಡ್ಡಾಯ ಮಾಡಿ. ಕಾವಲುಗಾರರಿಗೆ ಎಂಟು ಗಂಟೆಯ ಪಾಳಿ, ಪಿಎಫ್ ಮತ್ತು ಇಎಸ್‌ಐ ಜಮೆಯ ಮಾಸಿಕ ರಸೀತಿ, ಕುರ್ಚಿ, ಶೌಚಾಲಯ ಇವನ್ನು ಒಪ್ಪಂದದ ಷರತ್ತಾಗಿಸಿ. ಚೀಲ ತಪಾಸಣೆಯನ್ನೂ ಬೇರೆ ಲಿಫ್ಟಿನ ನಿಯಮವನ್ನೂ ರದ್ದುಮಾಡಿಸಿ. ಸುರಕ್ಷತಾ ಸಮಿತಿಯಲ್ಲಿ ಬಾಡಿಗೆದಾರರೂ, ಮನೆಗೆಲಸದವರೂ, ಕಾವಲು ಮತ್ತು ಸ್ವಚ್ಛತಾ ಸಿಬ್ಬಂದಿಯೂ ಕೂರಲಿ. ಎಲ್ಲಿ ನೀರು ಜಿನುಗುತ್ತಿದೆ, ಯಾವ ತಂತಿ ಬಿಸಿಯಾಗುತ್ತಿದೆ, ಯಾವ ಮೆಟ್ಟಿಲಿನ ಬಾಗಿಲಿಗೆ ಬೀಗ ಬಿದ್ದಿದೆಯೆಂದು ಮಾಲೀಕರಿಗಿಂತ ಮೊದಲು ಬಲ್ಲವರು ಅವರೇ.

ಇದಕ್ಕೆಲ್ಲ ಖರ್ಚಿದೆ, ಮೇಂಟೆನೆನ್ಸ್ ಏರುತ್ತದೆ. ಬಾಡಿಗೆಯ ಲಾಭದಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ಸರ್ಫ್‌ಸೈಡ್‌ನ ಮಾಲೀಕರೂ ಇದೇ ಲೆಕ್ಕದಲ್ಲಿ ಮೂರು ವರ್ಷ ಕಳೆದರು. ನಮ್ಮ ಮತವನ್ನು ಯಾವುದಕ್ಕೆ ಹಾಕುತ್ತೇವೆಂಬುದರ ಮೇಲೆ ಯಾರೋ ಒಬ್ಬ ಕಾರ್ಮಿಕ ಸಂಜೆ ಮನೆಗೆ ಮರಳುತ್ತಾನೋ ಇಲ್ಲವೋ ಎಂಬುದು ನಿಂತಿದೆ. ಅಷ್ಟು ತಿಳಿದ ಮೇಲೂ ವಿಷಯವನ್ನು ಮುಂದಿನ ಸಭೆಗೆ ತಳ್ಳಿದರೆ, ಆಮೇಲೆ ಆಗುವುದನ್ನು ಅಪಘಾತವೆಂದು ಕರೆಯುವ ಹಕ್ಕು ನಮಗೆ ಉಳಿಯುವುದಿಲ್ಲ.